ನ್ಯೂಯಾರ್ಕಿನ ಹೊಸ ಮೇಯರರೂ ನಮ್ಮ ನಿರೀಕ್ಷೆಗಳೂ

2025ರ ನವೆಂಬರ್ ಮೊದಲ ವಾರದ ಒಂದು ಸಂಜೆ ನಮ್ಮೂರ ವಾಚನಾಲಯದ ಜಗಲಿಯಲ್ಲಿ ನಡೆದ ಮಾತುಕತೆಯೇ ಈ ಲೇಖನಕ್ಕೆ ಪ್ರೇರಣೆ. ಅಮೆರಿಕದ ನ್ಯೂಯಾರ್ಕ್ ಮಹಾನಗರದ ಮೇಯರ್ ಸ್ಥಾನಕ್ಕೆ ನವೆಂಬರ್ 4ರಂದು ನಡೆದ ಚುನಾವಣೆಯಲ್ಲಿ ಜೊಹ್ರಾನ್ ಮಮ್ದಾನಿ ಎಂಬ 34ರ ಹರೆಯದ ತರುಣ ಗೆದ್ದ ವಾರ್ತೆ ಆಗಷ್ಟೇ ಬಂದಿತ್ತು. ನಮ್ಮ ಕೈಯಲ್ಲೇ ಕಲಿತು ಹೋದ ನಾಲ್ಕಾರು ಯುವಕರು ತಮ್ಮ ವಾರ್ಡಿನಲ್ಲೇ ತಮ್ಮವನೊಬ್ಬ ಗೆದ್ದಷ್ಟು ಹರ್ಷದಲ್ಲಿದ್ದರು. ಇನ್ನು ಆ ನಗರದಲ್ಲಿ ಮನೆ ಬಾಡಿಗೆ ಏರದು, ಬಸ್ಸಿಗೆ ಟಿಕೇಟು ಬೇಡ, ಮಕ್ಕಳ ಪಾಲನೆಗೆ ಖರ್ಚಿಲ್ಲ, ಸಿರಿವಂತರ ಮೇಲೆ ತೆರಿಗೆ ಬಿದ್ದೇ ಬಿತ್ತು ಎಂದು ಒಬ್ಬ ಬೆರಳು ಮಡಚಿ ಎಣಿಸುತ್ತಿದ್ದ. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಿವೃತ್ತರೊಬ್ಬರು ಕನ್ನಡಕ ತೆಗೆದು, "ಕುರ್ಚಿ ಸಿಕ್ಕುವಲ್ಲಿಯ ತನಕ ಎಲ್ಲರೂ ಹಾಗೆಯೇ ಮಾರಾಯ್ರೆ, ಸಿಕ್ಕಿದ ಮೇಲೆ ಎಲ್ಲರೂ ಹೀಗೆಯೇ" ಎಂದು ಹೇಳಿ ಮತ್ತೆ ಪತ್ರಿಕೆಗೆ ಮರಳಿದರು.

ಒಂದು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರ್ 11ರಂದು, ನಮ್ಮ ಜಿಲ್ಲೆಯಲ್ಲಿಯೇ ಪಂಚಾಯತು ಮತ್ತು ನಗರಸಭೆಗಳ ಚುನಾವಣೆ ನಡೆಯಿತು. ಅದೇ ಜಗಲಿಯಲ್ಲಿ ಅದೇ ಎರಡು ದನಿಗಳನ್ನು ನಾವು ಮತ್ತೆ ಕೇಳಿದೆವು. ಈ ಸಲ ಮಾತು ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರನ್ನು ಕುರಿತು. ಅವರು ಗೆದ್ದರೆ ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬಂದೇ ಬರುತ್ತಾರೆಂದು ಒಂದು ಕಡೆಯವರು, ಯಾರು ಗೆದ್ದರೂ ನಮಗೆ ಸಿಕ್ಕುವುದು ಅಷ್ಟರಲ್ಲೇ ಇದೆಯೆಂದು ಇನ್ನೊಂದು ಕಡೆಯವರು. ಎರಡೂ ಮಾತುಗಳಲ್ಲಿ ಏನೋ ಒಂದು ಕೊರತೆ ಇದೆಯೆಂದು ನಮಗೆ ಅಂದೇ ತೋರಿತು. ಅದು ಯಾವ ಕೊರತೆ ಎಂಬುದನ್ನು ತಿಳಿಯಲು ದೂರದ ನ್ಯೂಯಾರ್ಕಿನ ಉದಾಹರಣೆಯೇ ಉತ್ತಮ. ದೂರದ ಊರಿನ ರಾಜಕೀಯವನ್ನು ನಾವು ಕೋಪತಾಪಗಳಿಲ್ಲದೆ ನೋಡಬಲ್ಲೆವು.

ಗೆದ್ದ ಬಗೆ

ಮಮ್ದಾನಿಯವರು ಹುಟ್ಟಿದ್ದು 1991ರಲ್ಲಿ, ಆಫ್ರಿಕದ ಉಗಾಂಡ ದೇಶದ ಕಂಪಾಲದಲ್ಲಿ. ತಂದೆ ಮಹಮೂದ್ ಮಮ್ದಾನಿ ವಿಖ್ಯಾತ ವಿದ್ವಾಂಸರು. 1972ರಲ್ಲಿ ಇದಿ ಅಮೀನ್ ಏಷ್ಯನರನ್ನು ಉಗಾಂಡದಿಂದ ಹೊರಗಟ್ಟಿದಾಗ ದೇಶ ಬಿಡಬೇಕಾಗಿ ಬಂದವರಲ್ಲಿ ಒಬ್ಬರು. ತಾಯಿ ನಮ್ಮ ದೇಶದವರೇ ಆದ ಚಲಚ್ಚಿತ್ರ ನಿರ್ದೇಶಕಿ ಮೀರಾ ನಾಯರ್. ಈ ಸಂಬಂಧದಿಂದಲೇ ನಮ್ಮ ಯುವಕರು ಅವರನ್ನು ತಮ್ಮವರೆಂದು ಬಗೆದದ್ದು. 2021ರಿಂದ ಅವರು ನ್ಯೂಯಾರ್ಕ್ ರಾಜ್ಯದ ವಿಧಾನಸಭೆಯ ಸದಸ್ಯರಾಗಿದ್ದರು. ಆ ವರ್ಷ ನಗರದ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಮಾಡಿದ ಲಕ್ಷಾಂತರ ಡಾಲರಿನ ಸಾಲದಲ್ಲಿ ಮುಳುಗಿ ಉಪವಾಸ ಸತ್ಯಾಗ್ರಹ ಹೂಡಿದಾಗ ಇವರೂ ಅವರೊಡನೆ ಕುಳಿತರು. ಹದಿನೈದು ದಿನಗಳ ಬಳಿಕ ನಗರಾಡಳಿತವು ಮಣಿದು ಸಾಲದ ಮರುಹೊಂದಾಣಿಕೆಗೆ ಜಾಮೀನು ನಿಂತಿತು. ಆ ಚಾಲಕರಲ್ಲಿ ಬಹುಮಂದಿ ವಲಸೆ ಬಂದ ಬಡವರು.

2024ರ ಅಕ್ಟೋಬರಿನಲ್ಲಿ ಅವರು ಮೇಯರ್ ಹುದ್ದೆಗೆ ಸ್ಪರ್ಧಿಸುವುದಾಗಿ ಘೋಷಿಸಿದಾಗ ಕೇಳಿದವರು ಕಡಿಮೆ. 2025ರ ಆರಂಭದಲ್ಲಿ ನಡೆದ ಜನಾಭಿಪ್ರಾಯ ಗಣನೆಯೊಂದರಲ್ಲಿ ಅವರ ಪಾಲಿಗೆ ಬಂದದ್ದು ಶೇಕಡಾ 1. ಆದರೆ ಜೂನ್ 24ರಂದು ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ, ಹತ್ತು ವರ್ಷ ರಾಜ್ಯಪಾಲರಾಗಿ ಆಳಿದ್ದ ಆಂಡ್ರೂ ಕ್ಯುಮೊ ಅವರನ್ನು ಸೋಲಿಸಿದರು. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಜನರಿಂದ ಆರಿಸಿ ಬಂದು ಅಧಿಕಾರ ನಡೆಸುವವರು ಎಂಬುದನ್ನು ವಾಚಕರು ನೆನಪಿಡಬೇಕು. ನವೆಂಬರಿನ ಅಂತಿಮ ಕಣದಲ್ಲಿ ಸ್ವತಂತ್ರರಾಗಿ ನಿಂತ ಅದೇ ಕ್ಯುಮೊ ಅವರನ್ನು ಮತ್ತೊಮ್ಮೆ ಸೋಲಿಸಿದರು. ಒಟ್ಟು 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. 1969ರ ಬಳಿಕ ಆ ನಗರದ ಮೇಯರ್ ಚುನಾವಣೆಯಲ್ಲಿ ಅಷ್ಟು ಮತ ಬಿದ್ದದ್ದು ಅದೇ ಮೊದಲು. ಅದರಲ್ಲಿ 10 ಲಕ್ಷಕ್ಕೂ ಮಿಕ್ಕಿ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು, ಮಮ್ದಾನಿಯವರಿಗೆ. 2026ರ ಜನವರಿ 1ರಂದು ಅವರು ಅಧಿಕಾರ ವಹಿಸಿಕೊಂಡರು. ಆ ಹುದ್ದೆಗೇರಿದ ಮೊದಲ ಮುಸಲ್ಮಾನರು ಅವರು, ದಕ್ಷಿಣ ಏಷ್ಯ ಮೂಲದ ಮೊದಲಿಗರು ಅವರೇ.

ಇದು ಸಾಮಾನ್ಯ ಸಾಧನೆಯಲ್ಲ. ದುಡ್ಡಿನ ಬಲವೆಲ್ಲ ಎದುರು ಪಕ್ಷದಲ್ಲಿದ್ದಾಗ ಸಾವಿರಾರು ಸ್ವಯಂಸೇವಕರು ಮನೆಮನೆಗೆ ಹೋಗಿ ಗಳಿಸಿದ ಗೆಲುವು ಇದು. ನಮಗೂ ಇದರಿಂದ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ. ಆದರೆ ಒಡ್ಡೋಲಗದ ಚೆಂಡೆಯ ಅಬ್ಬರ ಕೇಳಿ ಬೆಳಗಿನ ಜಾವದ ಪ್ರಸಂಗ ಹೇಗಿದ್ದೀತೆಂದು ತೀರ್ಮಾನಿಸಲು ಬಾರದು. ಯಕ್ಷಗಾನ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಗದ ಕೈ ಯಾರ ಬಳಿ?

ಮಮ್ದಾನಿಯವರು ಕೊಟ್ಟ ಮುಖ್ಯ ಆಶ್ವಾಸನೆಗಳನ್ನು ಒಂದೊಂದಾಗಿ ನೋಡೋಣ. ಪ್ರತಿಯೊಂದರ ಮುಂದೆಯೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾಡುವ ಅಧಿಕಾರ ಮೇಯರರ ಕುರ್ಚಿಗೆ ಇದೆಯೆ?

ಮೊದಲನೆಯದು ಬಾಡಿಗೆ. ಆ ನಗರದಲ್ಲಿ ಸುಮಾರು 10 ಲಕ್ಷ ಮನೆಗಳ ಬಾಡಿಗೆಯು ನಿಯಂತ್ರಣ ವ್ಯವಸ್ಥೆಗೆ ಒಳಪಟ್ಟಿದೆ. ಅವುಗಳ ಬಾಡಿಗೆ ವರ್ಷಕ್ಕೆ ಎಷ್ಟು ಏರಬಹುದೆಂದು ನಿರ್ಣಯಿಸುವುದು ಒಂಬತ್ತು ಸದಸ್ಯರ ಒಂದು ಮಂಡಳಿ. ಆ ಒಂಬತ್ತು ಮಂದಿಯನ್ನೂ ನೇಮಿಸುವವರು ಮೇಯರರೇ. ಹಾಗಾಗಿ ಇಲ್ಲಿ ಬೀಗದ ಕೈ ಬಹುಮಟ್ಟಿಗೆ ಅವರ ಬಳಿಯೇ ಇದೆ. 2015, 2016 ಮತ್ತು 2020ರಲ್ಲಿ ಅಂದಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಕಾಲದಲ್ಲಿ ಒಂದು ವರ್ಷದ ಕರಾರುಗಳ ಬಾಡಿಗೆ ಏರದಂತೆ ಈ ಮಂಡಳಿ ತಡೆದದ್ದುಂಟು. ಆದರೂ ಸದಸ್ಯರಿಗೆ ನಿಗದಿತ ಅವಧಿಗಳಿವೆ, ಹಿಂದಿನವರು ನೇಮಿಸಿದವರು ಉಳಿದಿರಬಹುದು, ಮನೆ ಮಾಲಿಕರು ನ್ಯಾಯಾಲಯಕ್ಕೆ ಹೋಗಬಹುದು. ಮೇಲಾಗಿ, ಈ ವ್ಯವಸ್ಥೆಯ ಹೊರಗಿರುವ ಬಾಡಿಗೆದಾರರಿಗೆ ಇದರಿಂದ ನೇರ ಪ್ರಯೋಜನವಿಲ್ಲ. "ಬಾಡಿಗೆ ಏರದು" ಎಂಬ ಎರಡು ಪದಗಳಲ್ಲಿ ಈ ಭೇದವೆಲ್ಲ ಅಡಗಿಹೋಗುತ್ತದೆ.

ಎರಡನೆಯದು ಉಚಿತ ಬಸ್ಸು. ನಗರದ ಬೀದಿಯಲ್ಲಿ ಓಡುವ ಬಸ್ಸು ನಗರದ್ದೇ ಎಂದು ಯಾರಾದರೂ ಭಾವಿಸಿಯಾರು. ವಾಸ್ತವವಾಗಿ ಅದನ್ನು ನಡೆಸುವುದು ರಾಜ್ಯದ ಅಧೀನದಲ್ಲಿರುವ ಸಾರಿಗೆ ಪ್ರಾಧಿಕಾರ. ಅದರ ಆಡಳಿತ ಮಂಡಳಿಯಲ್ಲಿ ರಾಜ್ಯಪಾಲರ ಕೈ ಮೇಲು. ಮಮ್ದಾನಿಯವರು ವಿಧಾನಸಭೆಯಲ್ಲಿದ್ದಾಗ ಇದೇ ವಿಷಯದಲ್ಲಿ ಶ್ರಮಿಸಿ ಪಡೆದದ್ದು ಐದು ಮಾರ್ಗಗಳ ಒಂದು ಪ್ರಯೋಗ. 2023ರ ಸೆಪ್ಟೆಂಬರಿನಿಂದ ಸುಮಾರು ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ಪ್ರಯಾಣಿಕರು ಹೆಚ್ಚಿದರು. ಆದರೆ 2024ರಲ್ಲಿ ಅದು ಮುಂದುವರಿಯಲಿಲ್ಲ. ಅವರು ಮೇಯರಾಗಿ ಅಧಿಕಾರಕ್ಕೆ ಬಂದ ಅದೇ ಜನವರಿ ತಿಂಗಳ ಆರಂಭದಲ್ಲಿ, ಮೊದಲೇ ನಿಶ್ಚಯವಾಗಿದ್ದಂತೆ, ಬಸ್ಸಿನ ದರ 2 ಡಾಲರ್ 90 ಸೆಂಟಿನಿಂದ 3 ಡಾಲರಿಗೆ ಏರಿತು. ಉಚಿತ ಬಸ್ಸಿನ ಭರವಸೆ ಕೊಟ್ಟವರು ಕುರ್ಚಿಯಲ್ಲಿ ಕುಳಿತು ಒಂದು ವಾರ ಕಳೆಯುವ ಮೊದಲೇ ಬಸ್ಸಿನ ದರ ಏರಿತೆಂದರೆ, ಇದರಲ್ಲಿ ಅವರ ಅಪರಾಧ ಎಷ್ಟು? ಬೀಗದ ಕೈ ಅವರ ಬಳಿ ಇರಲಿಲ್ಲವಷ್ಟೆ.

ಮೂರನೆಯದು ತೆರಿಗೆ. ವರ್ಷಕ್ಕೆ 10 ಲಕ್ಷ ಡಾಲರಿಗೂ ಹೆಚ್ಚು ವರಮಾನವುಳ್ಳವರಿಂದ ಶೇಕಡಾ 2ರಷ್ಟು ಹೆಚ್ಚುವರಿ ತೆರಿಗೆ ವಸೂಲಿ ಮಾಡುವುದಾಗಿ ಅವರು ಹೇಳಿದ್ದರು. ಆದರೆ ನಗರದ ವರಮಾನ ತೆರಿಗೆಯನ್ನು ಏರಿಸಲು ರಾಜ್ಯದ ರಾಜಧಾನಿಯಾದ ಆಲ್ಬನಿಯಲ್ಲಿ ಶಾಸನವಾಗಬೇಕು. ನಗರಸಭೆಯ ಒಪ್ಪಿಗೆಯೊಂದಿಗೆ ನಗರವೇ ಏರಿಸಬಹುದಾದ ದೊಡ್ಡ ತೆರಿಗೆಯೆಂದರೆ ಆಸ್ತಿ ತೆರಿಗೆ. ಅದು ಸಿರಿವಂತನನ್ನು ಮಾತ್ರವಲ್ಲ, ಸಣ್ಣ ಮನೆಯ ಒಡೆಯನನ್ನೂ ಮುಟ್ಟುತ್ತದೆ. ರಾಜ್ಯಪಾಲರಾದ ಕ್ಯಾತಿ ಹೋಕುಲ್ ಅವರು ಚುನಾವಣೆಯಲ್ಲಿ ಮಮ್ದಾನಿಯವರಿಗೆ ಬೆಂಬಲ ಸೂಚಿಸಿದವರೇ. ಆದರೂ ವರಮಾನ ತೆರಿಗೆ ಏರಿಸಲು ತಮ್ಮ ಒಪ್ಪಿಗೆ ಇಲ್ಲವೆಂದು ಆಗಲೇ ಸ್ಪಷ್ಟಪಡಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಜನರೇ ವರ ಕೊಟ್ಟ ದೇವರು, ಪೂಜಾರಿ ಇರುವುದು ಆಲ್ಬನಿಯಲ್ಲಿ.

ನಾಲ್ಕನೆಯದು ಗಂಟೆಗೆ 30 ಡಾಲರಿನ ಕನಿಷ್ಠ ಮಜೂರಿ, 2030ರೊಳಗೆ. ಕನಿಷ್ಠ ಮಜೂರಿಯೂ ಮುಖ್ಯವಾಗಿ ರಾಜ್ಯ ಶಾಸನದ ವಿಷಯವೇ. ಐದನೆಯದು ನಗರದ ಐದು ವಿಭಾಗಗಳಲ್ಲಿ ಒಂದೊಂದರಂತೆ ನಗರಾಡಳಿತದ ದಿನಸಿ ಅಂಗಡಿ. ನಮ್ಮ ಮಾವೇಲಿ ಸ್ಟೋರುಗಳನ್ನು ಕಂಡವರಿಗೆ ಇದರಲ್ಲಿ ಕ್ರಾಂತಿಯೇನೂ ಕಾಣದು. ನಗರದ ಹಣದಿಂದಲೇ ಆರಂಭಿಸಬಹುದಾದ ಸಣ್ಣ ಯೋಜನೆ ಅದು.

ಆರನೆಯದಾದ ಮಕ್ಕಳ ಪಾಲನೆಯ ವಿಷಯವು ಹೆಚ್ಚು ಸ್ವಾರಸ್ಯಕರ. ಆರು ವಾರದ ಕೂಸಿನಿಂದ ಐದು ವರ್ಷದ ಮಗುವಿನವರೆಗೆ ಎಲ್ಲರಿಗೂ ಉಚಿತ ಪಾಲನೆ ಎಂಬುದು ಆಶ್ವಾಸನೆ. 2026ರ ಜನವರಿ 8ರಂದು, ಅಂದರೆ ಅಧಿಕಾರಕ್ಕೇರಿದ ಎಂಟನೆಯ ದಿನ, ಅದೇ ರಾಜ್ಯಪಾಲರು ಮಮ್ದಾನಿಯವರ ಪಕ್ಕದಲ್ಲಿ ನಿಂತು, ಎರಡು ವರ್ಷದ ಮಕ್ಕಳ ಪಾಲನಾ ಯೋಜನೆಗೆ ಮೊದಲೆರಡು ವರ್ಷ ರಾಜ್ಯವೇ ಹಣ ಕೊಡುವುದೆಂದು ಸಾರಿದರು. ಆಯ್ದ ಪ್ರದೇಶಗಳಿಂದ ಆರಂಭಿಸಿ ಹಂತಹಂತವಾಗಿ ವಿಸ್ತರಿಸುವ ಯೋಜನೆ ಇದು. ಕೇಳಿದ್ದು ಆರು ವಾರದಿಂದ ಐದು ವರ್ಷ. ಮೊದಲ ಕಂತಿನಲ್ಲಿ ಬಂದದ್ದು ಎರಡು ವರ್ಷದ ಮಕ್ಕಳ ವಿಷಯ. ತೆರಿಗೆ ಏರಲಿಲ್ಲ, ಹಣ ಬಂತು. ಇದನ್ನು ಸೋಲೆನ್ನೋಣವೆ, ಗೆಲುವೆನ್ನೋಣವೆ? ಉತ್ತರ ನಾವು ಮೊದಲು ಏನನ್ನು ನಿರೀಕ್ಷಿಸಿದ್ದೆವು ಎಂಬುದನ್ನು ಹೊಂದಿಕೊಂಡಿದೆ.

ಹಿಂದೆಯೂ ಹೀಗೇ ಆಗಿತ್ತು

ಈ ನಗರದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ಇದೇ ಪಾಠ ಬೇರೆಬೇರೆ ರೂಪದಲ್ಲಿ ಸಿಕ್ಕುತ್ತದೆ. 1934ರಿಂದ 1945ರವರೆಗೆ ಮೇಯರಾಗಿದ್ದ ಲಾ ಗಾರ್ಡಿಯಾ ಅವರನ್ನು ಇಂದಿಗೂ ನಗರದ ಶ್ರೇಷ್ಠ ಮೇಯರೆಂದು ಕೊಂಡಾಡುತ್ತಾರೆ. ಅವರು ಕಟ್ಟಿಸಿದ ಉದ್ಯಾನಗಳಿಗೂ ಸೇತುವೆಗಳಿಗೂ ಬಡವರ ಮನೆಗಳಿಗೂ ದೊಡ್ಡ ಪಾಲು ಹಣ ಬಂದದ್ದು ವಾಷಿಂಗ್ಟನಿನಿಂದ. ಅಲ್ಲಿ ಅಧ್ಯಕ್ಷರಾಗಿದ್ದವರು ರೂಸ್‌ವೆಲ್ಟ್. ಅವರ ಕಾಲದಲ್ಲಿ ಬೊಕ್ಕಸದ ಬಾಗಿಲು ತೆರೆದಿತ್ತು. 1975ರಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ನಗರವು ಸಾಲ ತೀರಿಸಲಾರದೆ ದಿವಾಳಿಯ ಅಂಚಿಗೆ ಬಂದಾಗ ರಾಜ್ಯವು ಹಣಕಾಸಿನ ಹಿಡಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಬಡವರ ಮಕ್ಕಳಿಗೆ ದಶಕಗಳಿಂದ ಉಚಿತವಾಗಿದ್ದ ನಗರ ವಿಶ್ವವಿದ್ಯಾಲಯದ ಶಿಕ್ಷಣಕ್ಕೆ 1976ರಲ್ಲಿ ಶುಲ್ಕ ಬಂತು. ಆಯವ್ಯಯವನ್ನು ಸರಿದೂಗಿಸಲೇಬೇಕೆಂಬ ಕಟ್ಟುಪಾಡು ಅಂದಿನಿಂದ ಪ್ರತಿ ಮೇಯರರ ಕೊರಳಲ್ಲೂ ಇದೆ.

ಡಿ ಬ್ಲಾಸಿಯೊ ಅವರ ಕತೆ ನಮಗೆ ಇನ್ನೂ ಹತ್ತಿರದ್ದು. 2013ರಲ್ಲಿ ಅವರೂ ಪ್ರಗತಿಪರರ ಕಣ್ಮಣಿಯಾಗಿ, ಶೇಕಡಾ 70ಕ್ಕೂ ಹೆಚ್ಚು ಮತ ಪಡೆದು ಗೆದ್ದವರು. ಸಿರಿವಂತರ ಮೇಲೆ ತೆರಿಗೆ ಹಾಕಿ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪೂರ್ಣ ದಿನದ ಶಿಶುವಿಹಾರ ಕೊಡುವೆನೆಂದು ಅವರು ಹೇಳಿದ್ದರು. ಅಂದಿನ ರಾಜ್ಯಪಾಲರು ಇದೇ ಕ್ಯುಮೊ. ತೆರಿಗೆಗೆ ಅವರು ಒಪ್ಪಲಿಲ್ಲ. ಆದರೆ 2014ರ ರಾಜ್ಯದ ಆಯವ್ಯಯದಲ್ಲಿ ನಗರದ ಶಿಶುವಿಹಾರಗಳಿಗಾಗಿ 30 ಕೋಟಿ ಡಾಲರ್ ಬಂತು. ಸುಮಾರು 20 ಸಾವಿರದಷ್ಟಿದ್ದ ಪೂರ್ಣ ದಿನದ ಮಕ್ಕಳ ಸಂಖ್ಯೆ ಅದೇ ವರ್ಷ 50 ಸಾವಿರ ದಾಟಿತು, ಮರುವರ್ಷ 65 ಸಾವಿರ ಮೀರಿತು. ಒಂದೇ ವರ್ಷದಲ್ಲಿ ಅಷ್ಟು ಕೋಣೆಗಳನ್ನೂ ಅಷ್ಟು ಅಧ್ಯಾಪಕರನ್ನೂ ಒದಗಿಸುವುದು ಎಂಥ ಕೆಲಸವೆಂಬುದನ್ನು ಶಾಲೆಯಲ್ಲಿ ದುಡಿಯುವ ನಾವು ಬಲ್ಲೆವು. ಹಾಗಿದ್ದರೂ ಡಿ ಬ್ಲಾಸಿಯೊ ಎಂಟು ವರ್ಷಗಳ ಬಳಿಕ ಹೊರನಡೆದಾಗ ಅವರನ್ನು ಪ್ರೀತಿಯಿಂದ ಬೀಳ್ಕೊಟ್ಟವರು ಹೆಚ್ಚಿಲ್ಲ. ಅವರ ತಪ್ಪುಗಳು ಅನೇಕ ಇದ್ದುವು, ನಿಜ. ಆದರೆ ಅವರನ್ನು ಎತ್ತಿ ಆಡಿಸಿದವರು ಅಸಮಾನತೆಯೇ ತೊಲಗುತ್ತದೆಂದು ನಂಬಿದ್ದರು. ಆ ನಂಬಿಕೆಯ ಮುಂದೆ 65 ಸಾವಿರ ಮಕ್ಕಳ ಶಿಶುವಿಹಾರವೂ ಸಣ್ಣದಾಗಿ ಕಂಡಿತು.

ಮಮ್ದಾನಿಯವರ ವಿಷಯದಲ್ಲಿ ಇಂತಹ ಅಸಮಾಧಾನದ ಮೊದಲ ಹನಿಗಳು ಅಧಿಕಾರ ವಹಿಸಿಕೊಳ್ಳುವ ಮೊದಲೇ ಬಿದ್ದುವು. ಹಿಂದಿನ ಮೇಯರರ ಕಾಲದ ಪೊಲೀಸ್ ಕಮಿಶನರರನ್ನೇ ಅವರು ಉಳಿಸಿಕೊಂಡಾಗ ಬೆಂಬಲಿಗರಲ್ಲಿ ಒಂದು ವರ್ಗ ಮುನಿಸಿಕೊಂಡಿತು. ತಮ್ಮನ್ನು ಕಮ್ಯುನಿಸ್ಟನೆಂದು ಹಳಿದಿದ್ದ ಅಧ್ಯಕ್ಷ ಟ್ರಂಪ್ ಅವರನ್ನು ನವೆಂಬರ್ 21ರಂದು ಶ್ವೇತಭವನದಲ್ಲಿ ಕಂಡು ಸೌಜನ್ಯದಿಂದ ಮಾತನಾಡಿದಾಗ ಮತ್ತೆ ಗೊಣಗಾಟ. ಕೇಂದ್ರದ ಅನುದಾನವನ್ನು ನಂಬಿಕೊಂಡ ನಗರದ ಮುಖ್ಯಸ್ಥ ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತದೆ ಇರಲಾದೀತೆ? ಚುನಾವಣೆಯ ಭಾಷಣ ಬೇರೆ, ಆಡಳಿತದ ಮಾತುಕತೆ ಬೇರೆ. ಹಾಗೆಂದು ಮೇಯರರು ಮಾಡಿದ್ದೆಲ್ಲ ಸರಿಯೆಂದು ನಾವು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದುದನ್ನು ಅವರು ಮಾಡದಿದ್ದರೆ ಅದಕ್ಕೆ ಕ್ಷಮೆ ಇರಬಾರದು. ಪೊಲೀಸ್ ಕಮಿಶನರರ ನೇಮಕ ಮೇಯರರ ಕೈಯಲ್ಲಿದ್ದ ವಿಷಯವಾದ್ದರಿಂದ ಅದರ ಬಗ್ಗೆ ಪ್ರಶ್ನಿಸಿದವರು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. ಬಸ್ಸಿನ ದರಕ್ಕಾಗಿ ಅವರನ್ನು ಬೈದವರು ತಪ್ಪು ಬಾಗಿಲು ತಟ್ಟಿದರು.

ನಮ್ಮದೇ ಅನುಭವ

ಇಷ್ಟು ಹೇಳಿದ ಮೇಲೆ ನಮ್ಮ ಕಾಸರಗೋಡಿನತ್ತ ತಿರುಗುವುದು ಸಹಜ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಮರುವರ್ಷ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶರಾಯರು ಅವಿರೋಧವಾಗಿ ಆರಿಸಿ ಬಂದರು. ಅವರ ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು 1960ರ ದಶಕದಲ್ಲಿ ನಮ್ಮ ಹಿರಿಯರು ಅದೇ ಹುರುಪಿನಿಂದ ಗೆಲ್ಲಿಸಿ ತಿರುವನಂತಪುರಕ್ಕೆ ಕಳುಹಿಸಿದರು. ಆ ಮತಗಳ ಹಿಂದಿದ್ದ ಆಸೆ ಒಂದೇ, ಕಾಸರಗೋಡು ಕನ್ನಡನಾಡಿಗೆ ಸೇರಬೇಕು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಶಿಫಾರಸು ಮಾಡಿದಾಗ ಆ ಆಸೆ ಕೈಗೆ ಬಂದಂತೆಯೇ ತೋರಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ನಮ್ಮ ಪ್ರತಿನಿಧಿಗಳು ದುಡಿಯಲಿಲ್ಲವೆಂದು ಇದರಿಂದ ತಿಳಿಯಬೇಕೆ? ಖಂಡಿತ ಅಲ್ಲ. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೆಯ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆ. ನೂರಕ್ಕೂ ಮಿಕ್ಕಿದ ಸದಸ್ಯರ ಸಭೆಯಲ್ಲಿ ಒಬ್ಬರಾಗಿ ಕುಳಿತವರು ಆ ಮಾತನ್ನು ಎತ್ತಬಹುದು, ಮತ್ತೆ ಮತ್ತೆ ಎತ್ತಬಹುದು, ಗಡಿಯನ್ನು ಎತ್ತಿಡಲಾರರು. 1980ರಲ್ಲಿ ಮಂಜೇಶ್ವರದ ಎ. ಸುಬ್ಬರಾಯರು ರಾಜ್ಯದ ನೀರಾವರಿ ಮಂತ್ರಿಗಳೇ ಆದರು. ನಮ್ಮವರೊಬ್ಬರು ಮಂತ್ರಿಯಾದರೆಂದು ಆಗ ಇಲ್ಲಿ ಎಷ್ಟು ಸಂಭ್ರಮವಿತ್ತೆಂಬುದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಮಂತ್ರಿಯಾದವರು ನೀರಾವರಿಯ ಕಡತಕ್ಕೆ ರುಜು ಹಾಕಬಲ್ಲರು. ಭಾಷೆಯ ಪ್ರಶ್ನೆಯನ್ನು ಒಬ್ಬ ಮಂತ್ರಿಯ ರುಜು ತೀರ್ಮಾನಿಸಲಾರದು.

ಆದರೆ ಗಡಿಯ ಕಡೆಗೇ ಕಣ್ಣು ನೆಟ್ಟಿದ್ದ ನಮ್ಮಲ್ಲಿ ಬಹುಮಂದಿ ಇನ್ನೊಂದನ್ನು ಗಮನಿಸದೆ ಹೋದೆವು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. 1969ರ ಕೇರಳದ ಅಧಿಕೃತ ಭಾಷಾ ಶಾಸನವು ಇಲ್ಲಿಯ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಬಹುದೆಂದು, ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಹೇಳುತ್ತದೆ. ಇವು ಯಾರೂ ಬೆಳ್ಳಿತಟ್ಟೆಯಲ್ಲಿಟ್ಟು ಕೊಟ್ಟವಲ್ಲ. ಎತ್ತಿದ ದನಿಗಳ ಫಲ. ಈಗ ನಾವು ಎದೆ ಮುಟ್ಟಿಕೊಂಡು ಹೇಳೋಣ: ನಮ್ಮಲ್ಲಿ ಎಷ್ಟು ಮಂದಿ ಕಳೆದ ವರ್ಷ ಯಾವುದಾದರೂ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದಿದ್ದೇವೆ? ಮಲಯಾಳದಲ್ಲಿ ಬರೆದರೆ ಬೇಗ ಕೆಲಸವಾಗುತ್ತದೆಂದು ಪಕ್ಕದ ಅಂಗಡಿಯ ಹುಡುಗನಿಂದ ಬರೆಸಿ ತಂದವರೇ ಹೆಚ್ಚು. ಆ ತಪ್ಪು ನಮ್ಮಿಂದಲೂ ಆಗಿದೆ. ಪ್ರತಿನಿಧಿಯೊಬ್ಬರು ಸಭೆಯಲ್ಲಿ ಎದ್ದು ನಿಂತು ಕನ್ನಡದ ಅರ್ಜಿಗಳಿಗೆ ಉತ್ತರ ಬರುತ್ತಿಲ್ಲವೆಂದು ಕೇಳಿದರೆ, ಅರ್ಜಿಗಳೆಲ್ಲಿ ಎಂದು ತಿರುಗಿ ಕೇಳಿದಾಗ ಅವರು ಏನನ್ನು ತೋರಿಸಬೇಕು?

ಶಾಲೆಯ ವಿಷಯವನ್ನೇ ನೋಡಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡು ಬರುವ ಸಂಕಟ ನಮ್ಮಲ್ಲಿ ಹೊಸದಲ್ಲ. ನಾವು ಬಲ್ಲ ಒಂದು ಶಾಲೆಯಲ್ಲಿ ಹೀಗಾದಾಗ ಮಕ್ಕಳು ಗಣಿತದ ಪಾಠವನ್ನು ಕಪ್ಪು ಹಲಗೆಯ ಅಂಕೆಗಳಿಂದ ಮಾತ್ರ ಊಹಿಸಬೇಕಾಯಿತು. ರಕ್ಷಕರು ಸಿಟ್ಟಿನಿಂದ ನೇರವಾಗಿ ಹೋದದ್ದು ವಾರ್ಡಿನ ಸದಸ್ಯರ ಮನೆಗೆ. ಪಾಪ, ಆ ಸದಸ್ಯರು ಮಾಡಬಹುದಾದದ್ದೇನು? ನೇಮಕಾತಿಯ ಪರೀಕ್ಷೆ ಪಂಚಾಯತಿನದಲ್ಲ. ಅದರ ನಿಯಮವನ್ನು ತಿದ್ದುವುದು ರಾಜ್ಯ ಮಟ್ಟದಲ್ಲಿ. ಆದರೆ ಪಂಚಾಯತಿನಿಂದ ಆಗಬಹುದಾದ ಕೆಲಸವೂ ಇತ್ತು: ಒಂದು ಠರಾವು, ಆ ಠರಾವಿನ ಪ್ರತಿ ಮೇಲಿನವರಿಗೆ, ಮತ್ತು ಅಂಗನವಾಡಿಯಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಹಾಡು ಕತೆ ನಡೆಯುವಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ಕೇಳಿ ಸಿಗಲಿಲ್ಲವೆಂದು ಬೇಸತ್ತವರು ಎರಡನೆಯದನ್ನು ಕೇಳಲೇ ಇಲ್ಲ.

ನಿರಾಸೆಯ ಬೆಲೆ

ಅತಿಯಾದ ನಿರೀಕ್ಷೆಯಿಂದ ಬರುವ ಹಾನಿ ಮನಸ್ಸಿನ ಬೇಸರಕ್ಕೆ ಮುಗಿಯುವುದಿಲ್ಲ. 2008ರಲ್ಲಿ ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಆರಿಸಿ ಬಂದಾಗ ಮತಗಟ್ಟೆಗಳ ಮುಂದೆ ತರುಣರು ಸಾಲುಗಟ್ಟಿ ನಿಂತಿದ್ದರು. ಒಂದು ವರ್ಷದೊಳಗೆ ಗ್ವಾಂಟಾನಮೊ ಸೆರೆಮನೆಯನ್ನು ಮುಚ್ಚುವ ಆಜ್ಞೆಗೆ ಅವರು 2009ರ ಜನವರಿಯಲ್ಲಿ ಸಹಿ ಹಾಕಿದರು. 2017ರಲ್ಲಿ ಅವರು ಅಧಿಕಾರ ಬಿಟ್ಟಾಗಲೂ ಅದು ತೆರೆದೇ ಇತ್ತು. ಆದರೆ 2010ರ ಮಾರ್ಚಿನಲ್ಲಿ ಅವರು ತಂದ ಆರೋಗ್ಯ ವಿಮೆಯ ಶಾಸನದಿಂದ ಕೋಟ್ಯಂತರ ಜನರಿಗೆ ಆಸರೆ ದೊರಕಿತು. ಅದೇ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಸಭೆಯ ಚುನಾವಣೆ ಬಂದಾಗ, ಎರಡು ವರ್ಷಗಳ ಹಿಂದೆ ಸಾಲು ನಿಂತಿದ್ದ ತರುಣರಲ್ಲಿ ಬಹುಮಂದಿ ಮನೆಯಲ್ಲೇ ಉಳಿದರು. ಅವರ ಪಕ್ಷವು ಕೆಳಮನೆಯಲ್ಲಿ 63 ಸ್ಥಾನಗಳನ್ನು ಕಳೆದುಕೊಂಡಿತು. ಕೆಲಸವಿಲ್ಲದವರ ಸಿಟ್ಟು ಸೇರಿದಂತೆ ಇದಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಮನೆಯಲ್ಲಿ ಕುಳಿತ ಬೆಂಬಲಿಗನೂ ಅವುಗಳಲ್ಲಿ ಒಂದು. ಆ ಬಳಿಕ ಒಬಾಮ ಅವರಿಂದ ಇನ್ನಷ್ಟು ಕಡಿಮೆ ಕೆಲಸವಾಯಿತು. ಇನ್ನಷ್ಟು ಕಡಿಮೆಯಾದದ್ದರಿಂದ ನಿರಾಸೆ ಇನ್ನಷ್ಟು ಹೆಚ್ಚಿತು.

ನಮ್ಮಂತಹ ಅಲ್ಪಸಂಖ್ಯಾತರಿಗೆ ಈ ಬೆಲೆ ಇನ್ನೂ ದುಬಾರಿ. ಬಹುಸಂಖ್ಯಾತರು ಒಂದು ಚುನಾವಣೆಯಲ್ಲಿ ಮುನಿಸಿಕೊಂಡು ಮನೆಯಲ್ಲಿ ಕುಳಿತರೂ ಅವರ ಭಾಷೆಯಲ್ಲಿ ಫಲಕ ಬರೆಯುವುದು ನಿಲ್ಲದು, ಅವರ ಮಕ್ಕಳಿಗೆ ಪಾಠಪುಸ್ತಕ ತಡವಾಗದು. ನಾವು ಕುಳಿತರೆ ನಮ್ಮನ್ನು ಎಣಿಸುವವರೇ ಇಲ್ಲವಾಗುತ್ತಾರೆ. ನ್ಯೂಯಾರ್ಕಿನಲ್ಲಿ 2017ರ ಶಾಸನದಂತೆ ನಗರದ ಕಚೇರಿಗಳು ಮುಖ್ಯ ಕಾಗದಪತ್ರಗಳನ್ನು ಹತ್ತು ಭಾಷೆಗಳಿಗೆ ಅನುವಾದಿಸಬೇಕು. ಬಂಗಾಳಿ, ಉರ್ದು ಅದರಲ್ಲಿವೆ. ಆ ಪಟ್ಟಿಗೆ ಆಧಾರ ಎಷ್ಟು ಮಂದಿ ಆ ಭಾಷೆಯನ್ನಾಡುತ್ತಾರೆಂಬ ಲೆಕ್ಕ. ಎಣಿಕೆಯಲ್ಲಿ ಕಾಣಿಸಿಕೊಂಡವರಿಗೆ ಪಟ್ಟಿಯಲ್ಲಿ ಸ್ಥಾನ. ಮನೆಯಲ್ಲಿ ಕನ್ನಡವಾಡಿ ಕಚೇರಿಯಲ್ಲಿ ಮೌನವಾಗಿರುವ ನಮಗೆ ಇದು ಎಚ್ಚರಿಕೆಯ ಮಾತು.

ಹಾಗಾದರೆ ಮಾಡಬೇಕಾದುದೇನು?

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ವಿದ್ಯಾರ್ಥಿ ನಾಯಕನ ಚುನಾವಣೆ ನಡೆಯುತ್ತದೆ. ಒಂದು ವರ್ಷ ಒಬ್ಬ ಹುಡುಗ ಶನಿವಾರದ ವಿಶೇಷ ತರಗತಿ ರದ್ದು, ಪರೀಕ್ಷೆ ಕಡಿಮೆ, ಮಧ್ಯಾಹ್ನ ವಾಚನಾಲಯ ತೆರೆದಿಡುವುದು ಎಂದು ಮೂರು ಭರವಸೆ ಕೊಟ್ಟು ಗೆದ್ದ. ಮೊದಲೆರಡು ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಮೂರನೆಯದಕ್ಕಾಗಿ ಅವನು ಮುಖ್ಯೋಪಾಧ್ಯಾಯರ ಕೋಣೆಗೆ ಏಳೆಂಟು ಸಲ ಹೋದ. ಕೊನೆಗೆ ಕೀಲಿಕೈ ಸಿಕ್ಕಿತು, ಮಧ್ಯಾಹ್ನದ ಅರ್ಧ ಗಂಟೆ ವಾಚನಾಲಯ ತೆರೆಯಿತು. ವರ್ಷದ ಕೊನೆಗೆ ಮಕ್ಕಳು ಅವನನ್ನು ಸುಳ್ಳನೆಂದು ಗೇಲಿ ಮಾಡುತ್ತಿದ್ದಾಗ, ಅವರಲ್ಲಿ ಐದಾರು ಮಂದಿ ಆ ವಾಚನಾಲಯದಲ್ಲೇ ಕುಳಿತಿದ್ದರು! ಹುಡುಗನದ್ದೂ ತಪ್ಪಿತ್ತು, ತನ್ನಿಂದಾಗದ್ದನ್ನು ಅವನು ಹೇಳಬಾರದಿತ್ತು. ಆದರೆ ಮತ ಹಾಕುವಾಗ ಯಾರೂ ಅವನನ್ನು, "ಇದು ನಿನ್ನಿಂದ ಆಗುವಂಥದ್ದೆ?" ಎಂದು ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮಗೆ ಬರಬೇಕು. ಮೆಚ್ಚಿದ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಹಾರ ಹಾಕುವುದರ ಜತೆಗೆ ಒಂದು ಕಾಗದ ತೆಗೆದು ಮೂರು ಅಂಕಣ ಹಾಕೋಣ. ಒಂದರಲ್ಲಿ ಅವರ ಕೈಯಿಂದಲೇ ಆಗುವ ಕೆಲಸಗಳು, ಎರಡನೆಯದರಲ್ಲಿ ಮೇಲಿನವರನ್ನು ಒಪ್ಪಿಸಿ ಆಗಬೇಕಾದವು, ಮೂರನೆಯದರಲ್ಲಿ ಅವರು ದನಿಯೆತ್ತಬಹುದಾದವು ಮಾತ್ರ. ಮೊದಲ ಅಂಕಣದ ಕೆಲಸಕ್ಕೆ ಗಡುವು ಕೇಳೋಣ, ಆಗದಿದ್ದರೆ ನಿಷ್ಠುರವಾಗಿ ವಿಚಾರಿಸೋಣ. ಎರಡನೆಯದಕ್ಕೆ ಅರ್ಜಿ, ಠರಾವು, ಸಹಿಗಳೊಂದಿಗೆ ಅವರ ಬೆನ್ನಿಗೆ ನಿಲ್ಲೋಣ. ಮೂರನೆಯದಕ್ಕೆ ತಾಳ್ಮೆ ಬೇಕು. ಆದರೆ ಅವರು ದನಿಯೆತ್ತಿದರೋ ಇಲ್ಲವೋ ಎಂಬುದನ್ನಾದರೂ ಗುರುತು ಹಾಕಿಟ್ಟುಕೊಳ್ಳೋಣ. ಗೆದ್ದವರು ನಮ್ಮವರೆಂಬ ದಾಕ್ಷಿಣ್ಯದಿಂದ ಲೆಕ್ಕ ಕೇಳದಿರುವುದು ಅವರಿಗೂ ಒಳ್ಳೆಯದಲ್ಲ. ಕೇಳುವವರಿದ್ದಾರೆಂದು ತಿಳಿದರೆ ಮೇಲಿನವರ ಮುಂದೆ ಅವರ ಮಾತಿಗೂ ತೂಕ ಬರುತ್ತದೆ.

ಮಮ್ದಾನಿಯವರಿಗೆ ನಾಲ್ಕು ವರ್ಷಗಳ ಅವಧಿ ಇದೆ. ಅವರು ಏನೇನು ಮಾಡಿದರೆಂಬುದನ್ನು ಅಳೆಯುವ ಕೆಲಸ ಆ ನಗರದ ಜನರದು. ಅವರ ಕೈಯಲ್ಲಿ ಸರಿಯಾದ ಅಳತೆಗೋಲು ಇರಲೆಂದು ಹಾರೈಸೋಣ. ವಾಚನಾಲಯದ ಜಗಲಿಯ ತರುಣರಿಗೆ ನಾವು ಹೇಳುವುದಿಷ್ಟೆ, ನಿಮ್ಮ ಹರ್ಷವನ್ನು ಕಳೆದುಕೊಳ್ಳಬೇಡಿ, ಅದರ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟುಕೊಳ್ಳಿ. ಮೂಲೆಯಲ್ಲಿ ಕುಳಿತ ಹಿರಿಯರಿಗೂ ಒಂದು ವಿಜ್ಞಾಪನೆ: ಎಲ್ಲರೂ ಒಂದೇ ಎಂದು ಹೇಳುವ ಮೊದಲು ನಮ್ಮ ವಾರ್ಡಿನಿಂದ ಕನ್ನಡದಲ್ಲಿ ಹೋಗಬೇಕಾದ ಅರ್ಜಿಯೊಂದನ್ನು ತಾವೇ ಬರೆದುಕೊಡಬೇಕು. ತಮ್ಮ ಅಕ್ಷರ ದುಂಡಗಿದೆ, ಶಾಸನವೂ ನಮ್ಮ ಪರವಾಗಿದೆ. ಪ್ರತಿಯೊಂದನ್ನು ಇಟ್ಟುಕೊಂಡು, ಉತ್ತರ ಯಾವ ಭಾಷೆಯಲ್ಲಿ ಬರುತ್ತದೆಂದು ಎಲ್ಲರೂ ಸೇರಿ ನೋಡೋಣ.